ಹಳೆ ಡೀಸೆಲ್ ಎಂಜಿನ್‌ಗೆ ಹೊಸ ಬಣ್ಣ ಬಳಿದರು, ಚಿಮಣಿಗೆ ಮುಚ್ಚಳ ಹಾಕಲಿಲ್ಲ

ಘೋರ್ಪಡಿ ಮಗಳು, ಪುಣೆ

ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆ, ಗೋವಾ ಕಡೆ ನೆಲೆಸಿರುವ ಕನ್ನಡದವರಲ್ಲಿ ರೈಲ್ವೆಯಲ್ಲಿ ದುಡಿದವರು ಬಹಳ ಮಂದಿ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮಪ್ಪ ಗದಗ ಕಡೆಯವರು. ರೈಲು ಎಂಜಿನ್ ರಿಪೇರಿ ಮಾಡುವ ಡೀಸೆಲ್ ಶೆಡ್‌ನಲ್ಲಿ ಫಿಟ್ಟರ್ ಆಗಿ 31 ವರ್ಷ ದುಡಿದು ನಿವೃತ್ತರಾದರು. ನಾನು ಚಿಕ್ಕವಳಿದ್ದಾಗ ಊರಿಗೆ ಹೋಗುವಾಗಲೆಲ್ಲ ಪುಣೆ ಸ್ಟೇಷನ್‌ನಲ್ಲಿ ಒಂದು ಆಟ ನೋಡುತ್ತಿದ್ದೆ. ಮುಂಬೈಯಿಂದ ಬಂದ ಗಾಡಿಯ ಕರೆಂಟ್ ಎಂಜಿನ್ ಬಿಚ್ಚಿ, ಮುಂದಿನ ದಾರಿಗೆ ಡೀಸೆಲ್ ಎಂಜಿನ್ ಕಟ್ಟುತ್ತಿದ್ದರು. ಡೀಸೆಲ್ ಹಿಂದಕ್ಕೆ ಸರಿಯುತ್ತಾ ಬಂದು ಡಬ್ಬಿಗೆ ತಾಗಿದಾಗ ಪ್ಲಾಟ್‌ಫಾರ್ಮ್ ನಡುಗುತ್ತಿತ್ತು. ಅಪ್ಪ ಶಬ್ದ ಕೇಳಿಯೇ 'ಇದು ನಮ್ಮ ಶೆಡ್ಡಿಂದು' ಎನ್ನುತ್ತಿದ್ದರು.

ಕಳೆದ ತಿಂಗಳು ಅವರನ್ನು ಒಂದು ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಹೆಸರು ಹೇಳುವುದಿಲ್ಲ, ಅಲ್ಲಿನ ಸಿಬ್ಬಂದಿ ಒಳ್ಳೆಯ ಜನ. ಅಂಗಳದಲ್ಲಿ ಡಬ್ಲ್ಯುಡಿಎಂ-2 ಅನ್ನುವ ಹಳೆ ಡೀಸೆಲ್ ರೈಲು ಎಂಜಿನ್ ಒಂದನ್ನು ನಿಲ್ಲಿಸಿದ್ದಾರೆ. ಹೊಸ ಬಣ್ಣ ಫಳಫಳ ಎನ್ನುತ್ತಿತ್ತು. ಮಕ್ಕಳು ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ಬಣ್ಣ ನೋಡಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಕತ್ತೆತ್ತಿ ಮೇಲೆ ನೋಡಿದರು. 'ಚಿಮಣಿ ಬಾಯಿ ತೆರೆದ ಬಿಟ್ಟಾರಲ್ಲವ್ವಾ' ಎಂದರು. ಆಮೇಲೆ ಪಂಚೆ ಎತ್ತಿಕಟ್ಟಿ ಕೆಳಗೆ ಬಗ್ಗಿದರು. ಒಂದು ಪೈಪಿನ ತುದಿಯಲ್ಲಿ ಏನೋ ತೊಟ್ಟಿಕ್ಕುತ್ತಿತ್ತು. ಬೆರಳಿಗೆ ಹಚ್ಚಿಕೊಂಡು ಹೆಬ್ಬೆರಳಿನಿಂದ ತಿಕ್ಕಿ ನನಗೂ ತೋರಿಸಿದರು. ಎಣ್ಣೆಯೂ ಅಲ್ಲ, ನೀರೂ ಅಲ್ಲ. ಕಂದು ಮಜ್ಜಿಗೆಯ ಹಾಗಿತ್ತು.

ಅವರು ಹೇಳಿದ್ದು ಇಷ್ಟು. ಮಳೆನೀರು ಚಿಮಣಿಯಿಂದ ಟರ್ಬೊ (ಹೊಗೆಯ ಬಲದಿಂದ ಎಂಜಿನ್‌ಗೆ ಗಾಳಿ ತುಂಬುವ ಭಾಗ) ಒಳಗೆ ಇಳಿಯುತ್ತದೆ. ಅಲ್ಲಿಂದ ಹೊಗೆ ಪೈಪಿಗೆ ಬರುತ್ತದೆ. ನಿಂತ ಎಂಜಿನ್‌ನಲ್ಲಿ ಯಾವ ಸಿಲಿಂಡರಿನ ವಾಲ್ವ್ ತೆರೆದಿದೆಯೋ ಅದರೊಳಗೆ ತುಂಬಿಕೊಳ್ಳುತ್ತದೆ. ಆಮೇಲೆ ಪಿಸ್ಟನ್ ರಿಂಗಿನ ಸಂದಿಯಿಂದ ಜಾರಿ ಕೆಳಗಿನ ಎಣ್ಣೆಗೆ ಸೇರುತ್ತದೆ. ಸಿಲಿಂಡರಿನ ಒಳಗೋಡೆಯಾದ ಲೈನರ್‌ಗೂ ರಿಂಗ್‌ಗೂ ತುಕ್ಕು ಹಿಡಿದು ಎರಡೂ ಒಂದೇ ಆಗಿಬಿಡುತ್ತವೆ. ಅಲ್ಲಿಗೆ ಅದು ಎಂಜಿನ್ ಅಲ್ಲ, ಎಂಜಿನ್ ಆಕಾರದ ಕಬ್ಬಿಣ.

ಮನೆಗೆ ಬಂದು ಅಪ್ಪ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ನಾನು ಮ್ಯೂಸಿಯಂನವರಿಗೆ ಪತ್ರ ಬರೆಯಬೇಕೆಂದಿದ್ದೇನೆ. ಏನೇನು ಕೇಳಬೇಕು? ಯಾವುದು ಮೊದಲು? ತಿಳಿದವರು ಹೇಳಿ.

ಡೊಂಬಿವಲಿ ಶೆಟ್ಟಿ

ಓದಿ ಬೇಜಾರಾಯಿತು ಅಕ್ಕ. ನಾನು ಹೋಟೆಲಿನವನು, ಎಂಜಿನ್ ಒಳಗಿನ ಸಂಗತಿ ಗೊತ್ತಿಲ್ಲ. ಆದರೆ ಕೊಂಕಣ ರೈಲ್ವೆ ಆದಮೇಲೆ ನಮ್ಮ ಕುಟುಂಬಕ್ಕೆ ಊರು ಹತ್ತಿರವಾದದ್ದೇ ಡೀಸೆಲ್ ಎಂಜಿನ್‌ನಿಂದ. ಅದಕ್ಕೆ ಮುಂಚೆ ಬಸ್ಸಿನಲ್ಲಿ ಉಡುಪಿಗೆ ಹೋಗಿಬರುವುದೆಂದರೆ ಸೊಂಟ ಮುರಿಯುತ್ತಿತ್ತು. ಮತ್ಸ್ಯಗಂಧ ರೈಲಿನಲ್ಲಿ ರತ್ನಾಗಿರಿ ಹತ್ತಿರ ಕರ್ಬುಡೆ ಸುರಂಗ ಬರುತ್ತದಲ್ಲ, ಆರೂವರೆ ಕಿಲೋಮೀಟರ್ ಉದ್ದ. ಒಳಗೆ ಹೊಕ್ಕ ಕೂಡಲೇ ಅಮ್ಮ ಕಿಟಕಿ ಎಳೆಯುತ್ತಿದ್ದರು. ಆದರೂ ಆ ಹೊಗೆ ವಾಸನೆ ಬರುತ್ತಿತ್ತು. ನನಗೆ ಅದು ಊರಿನ ವಾಸನೆ ಮಾರಾಯ್ರೇ.

2022ರಲ್ಲಿ ಕೊಂಕಣ ಮಾರ್ಗ ಪೂರ್ತಿ ವಿದ್ಯುತ್ ಆಯಿತು. ಒಳ್ಳೆಯದೇ. ಆದರೆ ನನ್ನ ಮಗನಿಗೆ ಆ ಶಬ್ದ ಕೇಳಿಸುವುದು ಎಲ್ಲಿ?

ಒಂದು ಸಂಶಯ. ತಿಂಗಳಿಗೊಮ್ಮೆ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಓಡಿಸಿದರೆ ಆಗುವುದಿಲ್ಲವಾ? ಊರಲ್ಲಿ ನಿಲ್ಲಿಸಿದ ಕಾರಿಗೆ ನಾವು ಹಾಗೇ ಮಾಡುವುದು.

ಕಲ್ಯಾಣ್ ಕಾಕಾ

ಶೆಟ್ರೇ, ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ದಯವಿಟ್ಟು ಯಾರೂ ಹಾಗೆ ಸ್ಟಾರ್ಟ್ ಮಾಡಬೇಡಿ. ನಾನು ಎಲೆಕ್ಟ್ರಿಕಲ್ ಫಿಟ್ಟರ್, ವಿಜಯಪುರದವನು, ಈಗ ಕಲ್ಯಾಣ್‌ನಲ್ಲಿ ಇದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಸಿಲಿಂಡರಿನಲ್ಲಿ ನೀರು ನಿಂತಿದೆ ಅಂದುಕೊಳ್ಳಿ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಿಕ್ಕೆ ಆಗುವುದಿಲ್ಲ. ಸ್ಟಾರ್ಟ್ ಬಟನ್ ಒತ್ತಿದರೆ ಪಿಸ್ಟನ್ ಮೇಲೆ ಬಂದು ನೀರಿಗೆ ಗುದ್ದುತ್ತದೆ. ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲ ಹೆಡ್ ಒಡೆಯುತ್ತದೆ. ಅದಕ್ಕೇ ಶೆಡ್‌ನಲ್ಲಿ ಬಹಳ ದಿನ ನಿಂತ ಎಂಜಿನ್‌ಗೆ ಮೊದಲು ಬಾರಿಂಗ್ ಮಾಡುತ್ತಿದ್ದೆವು. ಅಂದರೆ ಸಿಲಿಂಡರಿನ ಪ್ಲಗ್ ಬಿಚ್ಚಿಟ್ಟು, ಉದ್ದನೆ ಬಾರ್ ಹಾಕಿ, ಕೈಯಿಂದಲೇ ಕ್ರ್ಯಾಂಕ್‌ಶಾಫ್ಟ್ ತಿರುಗಿಸುವುದು. ನೀರಿದ್ದರೆ ಆ ತೂತಿನಿಂದ ಹೊರಗೆ ಚಿಮ್ಮುತ್ತದೆ. ಕೈಗೆ ಬಿಗಿ ಹತ್ತಿದರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಬೇಕು.

ಇನ್ನು ನನ್ನ ಕಡೆಯ ಕೆಲಸ. ಡಬ್ಲ್ಯುಡಿಎಂ-2ರಲ್ಲಿ ಬೇರೆ ಸ್ಟಾರ್ಟರ್ ಮೋಟರ್ ಇಲ್ಲ. ಬ್ಯಾಟರಿಯ ಕರೆಂಟ್ ಮೇನ್ ಜನರೇಟರ್‌ಗೆ ಹೋಗುತ್ತದೆ, ಸ್ವಲ್ಪ ಹೊತ್ತು ಜನರೇಟರೇ ಮೋಟರ್ ಆಗಿ ಎಂಜಿನ್ ತಿರುಗಿಸುತ್ತದೆ. ನಮ್ಮ ಮುಂಬೈ ಮಳೆಗಾಲದಲ್ಲಿ ನಾಲ್ಕು ತಿಂಗಳು ನಿಂತ ಜನರೇಟರ್‌ನ ತಂತಿ ಸುತ್ತಿನಲ್ಲಿ ತೇವ ಕೂತಿರುತ್ತದೆ. ಮೆಗ್ಗರ್ (ತಂತಿಯಿಂದ ಕರೆಂಟ್ ಸೋರುತ್ತದೆಯೋ ಎಂದು ಅಳೆಯುವ ಮೀಟರ್) ಇಟ್ಟು ನೋಡಿದರೆ ಮುಳ್ಳು ಮೇಲೇಳುವುದೇ ಇಲ್ಲ. ಅಂಥ ಸ್ಥಿತಿಯಲ್ಲಿ ಕರೆಂಟ್ ಕೊಟ್ಟರೆ ಸುಟ್ಟಿತು ಅಂತಲೇ ಲೆಕ್ಕ. ಮೊದಲು ಹೀಟರ್ ಇಟ್ಟು ದಿನಗಟ್ಟಲೆ ಒಣಗಿಸಬೇಕು. ಕರೆಂಟ್ ದಾಟಿಸುವ ಇಂಗಾಲದ ಬ್ರಷ್ ಎತ್ತಿ, ಅದು ತಾಗುವ ತಾಮ್ರದ ಕಮ್ಯುಟೇಟರ್ ಒರೆಸಬೇಕು. ಮತ್ತೆ ಮೆಗ್ಗರ್ ಇಡಬೇಕು. ಮುಳ್ಳು ಏರಿದ ಮೇಲೆ ಮಾತ್ರ ಮುಂದಿನ ಮಾತು.

ಇನ್ನೊಂದು ಸಂಗತಿ ಯಾರೂ ಗಮನಿಸುವುದಿಲ್ಲ. ಹಳೆ ಎಂಜಿನ್‌ಗಳಲ್ಲಿ ಗಾಲಿಯ ಆಕ್ಸಲ್ ಮೇಲೆ ಮೋಟರ್ ಕೂತಿರುವ ಜಾಗದಲ್ಲಿ ಒಂದು ಬೇರಿಂಗ್ ಇದೆ. ಅದಕ್ಕೆ ಎಣ್ಣೆ ಉಣಿಸುವುದು ಬತ್ತಿ. ದೀಪದ ಬತ್ತಿ ಎಣ್ಣೆ ಹೀರುವ ಹಾಗೇ. ವರ್ಷಗಟ್ಟಲೆ ನಿಂತರೆ ಬತ್ತಿ ಒಣಗುತ್ತದೆ. ಮ್ಯೂಸಿಯಂಗೆ ಎಳೆದು ತರುವ ಮುಂಚೆ ಅದನ್ನು ನೋಡದೆ ಎಳೆದರೆ ದಾರಿಯಲ್ಲೇ ಬೇರಿಂಗ್ ಕಾದು ಆಕ್ಸಲ್ ಹಾಳಾಗುತ್ತದೆ. ಉಳಿಸಲಿಕ್ಕೆ ಹೊರಟು ಕೆಡಿಸಿದ ಹಾಗೆ.

ತಂಗೀ, ನಿನ್ನ ಪತ್ರದಲ್ಲಿ ಮೊದಲನೆಯ ಸಾಲು ಚಿಮಣಿ ಮುಚ್ಚಳ. ಎರಡನೆಯದು ಮೇಲೊಂದು ತಗಡಿನ ಛಾವಣಿ, ಬದಿ ತೆರೆದಿರಲಿ, ಗಾಳಿ ಆಡಲಿ. ಟಾರ್ಪಾಲಿನ್ ಸುತ್ತಬೇಡಿ ಅಂತ ಸ್ಪಷ್ಟವಾಗಿ ಬರೆ. ಟಾರ್ಪಾಲಿನ್ ಒಳಗೆ ತೇವ ಬೆವರುತ್ತದೆ, ತುಕ್ಕು ಜಾಸ್ತಿಯಾಗುತ್ತದೆ.

ಪನ್ವೇಲ್ ಲೆಕ್ಕದವನು

ನಾನು ಲೆಕ್ಕಪತ್ರದ ಕೆಲಸದಲ್ಲಿರುವವನು. ಯಾರ ಮನಸ್ಸೂ ನೋಯಿಸುವ ಉದ್ದೇಶ ಇಲ್ಲ. ಆದರೂ ಕೇಳಲೇಬೇಕು.

ಎಂಜಿನ್‌ಗೆ ರೈಲ್ವೆ ಹಾಕಿಕೊಟ್ಟ ಆಯುಸ್ಸು 36 ವರ್ಷ. ಅದು ಮುಗಿದ ಮೇಲೆ ಹರಾಜು, ಗ್ಯಾಸ್ ಕಟರ್, ಗುಜರಿ. ಆ ಕಬ್ಬಿಣ, ತಾಮ್ರಕ್ಕೆ ಬೆಲೆ ಇದೆ, ಅದು ಜನರ ದುಡ್ಡು. 2019ರಲ್ಲಿ ವಾರಣಾಸಿಯಲ್ಲಿ ಎರಡು ಹಳೆ ಡೀಸೆಲ್ ಸೇರಿಸಿ 10,000 ಎಚ್‌ಪಿಯ ಒಂದು ಕರೆಂಟ್ ಎಂಜಿನ್ ಮಾಡಿ ಬಿಟ್ಟರು. ಅದೂ ಒಂದು ಬಗೆಯಲ್ಲಿ ಉಳಿಸಿದ ಹಾಗೇ ಅಲ್ವಾ? ಮ್ಯೂಸಿಯಂನಲ್ಲಿ ಮಕ್ಕಳು ನೋಡುವುದು ಹೊರಗಿನ ಮೈ. ಟರ್ಬೊ ಒಳಗೆ ನೀರಿದೆಯೋ ಇಲ್ಲವೋ ಯಾರಿಗೆ ಕಾಣುತ್ತದೆ? ಹೊರಮೈ ಚೆನ್ನಾಗಿಟ್ಟರೆ ಸಾಕು ಅಂತ ನನಗನ್ನಿಸುತ್ತದೆ. ಒಳಗಿನದ್ದಕ್ಕೂ ದುಡ್ಡು ಸುರಿಯುತ್ತಾ ಹೋದರೆ ಕೊನೆ ಎಲ್ಲಿ?

ಮಾಟುಂಗಾ ಹುಡುಗ

ಸರ್, ನಾನು ಮೆಕ್ಯಾನಿಕಲ್ ಓದುತ್ತಿದ್ದೇನೆ, ಮೂರನೇ ವರ್ಷ. ನನಗೆ ಈ ವಿಷಯದಲ್ಲಿ ಹುಚ್ಚು ಅಂತಲೇ ಹೇಳಬಹುದು.

ಈ ಎಂಜಿನ್‌ನ ಕಥೆ ಸ್ವಲ್ಪ ಹೇಳುತ್ತೇನೆ. ಡಬ್ಲ್ಯುಡಿಎಂ-2 ಅಮೆರಿಕದ ಅಲ್ಕೋ ಕಂಪನಿಯ ವಿನ್ಯಾಸ. 16 ಸಿಲಿಂಡರ್, 2600 ಎಚ್‌ಪಿ. 1962ರಲ್ಲಿ ಮೊದಲ ಎಂಜಿನ್‌ಗಳು ಹಡಗಿನಲ್ಲಿ ಬಂದವು. 1964ರ ಜನವರಿಯಿಂದ ವಾರಣಾಸಿಯ ಕಾರ್ಖಾನೆಯಲ್ಲೇ ಕಟ್ಟಲು ಶುರು ಮಾಡಿದರು. ಅಲ್ಲಿಂದಾಚೆ ಎರಡು ಸಾವಿರಕ್ಕೂ ಹೆಚ್ಚು ಎಂಜಿನ್ ಬಂದವು. ಆದರೆ ಅಮೆರಿಕದಲ್ಲಿ ಅಲ್ಕೋ 1969ರಲ್ಲೇ ಎಂಜಿನ್ ಕಟ್ಟುವುದನ್ನು ನಿಲ್ಲಿಸಿಬಿಟ್ಟಿತು. ತಾಯಿಮನೆ ಮುಚ್ಚಿದ ಮೇಲೂ ಆ ಎಂಜಿನ್ ನಮ್ಮ ದೇಶದಲ್ಲಿ ದಶಕಗಳ ಕಾಲ ಹುಟ್ಟುತ್ತಲೇ ಇತ್ತು, ಸುಧಾರಿಸುತ್ತಲೂ ಇತ್ತು. ಅದನ್ನು ಬಿಚ್ಚಿ ಕೂಡಿಸುವ ವಿದ್ಯೆ ಕಲ್ಯಾಣ್, ಘೋರ್ಪಡಿ, ಗುತ್ತಿಯಂಥ ಶೆಡ್‌ಗಳ ಜನರ ಕೈಯಲ್ಲಿ ಬೆಳೆಯಿತು. ಅದಕ್ಕೇ ಇದನ್ನು ಅಮೆರಿಕದ ಎಂಜಿನ್ ಅನ್ನುವುದಕ್ಕಿಂತ ನಮ್ಮದು ಅನ್ನುವುದೇ ಸರಿ ಅನಿಸುತ್ತದೆ.

ಇಂಗ್ಲೆಂಡಿನ ಒಂದು ಉದಾಹರಣೆ ನೋಡಿ. ಅಲ್ಲಿ ಡೆಲ್ಟಿಕ್ ಅಂತ 3300 ಎಚ್‌ಪಿಯ ಡೀಸೆಲ್ ಎಂಜಿನ್ ಇದ್ದವು. ಒಟ್ಟು ಕಟ್ಟಿದ್ದು 22. 1982ರ ಜನವರಿಯಲ್ಲಿ ಕೊನೆಯ ಓಟ. ಅವುಗಳಲ್ಲಿ ಆರು ಇಂದಿಗೂ ಇವೆ. ಒಂದನ್ನು ರಾಷ್ಟ್ರೀಯ ಮ್ಯೂಸಿಯಂ ಇಟ್ಟುಕೊಂಡಿತು. ಉಳಿದವು ಉಳಿದದ್ದು ಅಭಿಮಾನಿಗಳಿಂದ. ದುಡ್ಡು ಕೂಡಿಸಿ ಕೊಂಡರು. ಬರೀ ಎಂಜಿನ್ ಅಲ್ಲ, ಬಿಡಿಭಾಗಗಳನ್ನೂ ಜೊತೆಗೆ ಕೊಂಡಿಟ್ಟರು. ನಮ್ಮಲ್ಲಿ ಶೆಡ್‌ಗಳೆಲ್ಲ ಈಗ ಕರೆಂಟ್ ಎಂಜಿನ್‌ಗೆ ಬದಲಾಗುತ್ತಿವೆ. ಇಂಜೆಕ್ಟರ್, ಗ್ಯಾಸ್ಕೆಟ್, ಎಂಜಿನ್ ವೇಗ ಹಿಡಿದಿಡುವ ಗವರ್ನರಿನ ಭಾಗಗಳು ಗುಜರಿಗೆ ಹೋಗುತ್ತಿರುವುದು ಈಗಲೇ. ಹತ್ತು ವರ್ಷ ಆದಮೇಲೆ ಹುಡುಕಿದರೆ ಎಲ್ಲಿ ಸಿಗುತ್ತವೆ?

ಉಗಿ ಎಂಜಿನ್‌ಗೆ ಈ ಭಾಗ್ಯ ಸಿಕ್ಕಿದೆ. ಹರಿಯಾಣದ ರೇವಾರಿಯಲ್ಲಿ ಒಂದು ಶೆಡ್ಡನ್ನೇ ಉಳಿಸಿಕೊಂಡು ಉಗಿ ಎಂಜಿನ್ ಓಡಿಸುತ್ತಾರೆ. 1855ರ ಫೇರಿ ಕ್ವೀನ್ ಕೂಡ ಓಡಿತು. ಡೀಸೆಲ್ ಅಂದರೆ ಮಾತ್ರ 'ಮೊನ್ನೆ ಮೊನ್ನೆಯದು ಬಿಡು' ಅನ್ನುತ್ತಾರೆ. ಮೊದಲ ಡಬ್ಲ್ಯುಡಿಎಂ-2 ಬಂದು 60 ವರ್ಷ ದಾಟಿತು ಸರ್.

ಘೋರ್ಪಡಿ ಮಗಳು, ಪುಣೆ

ಪನ್ವೇಲ್‌ನ ಅಣ್ಣಾ, ನಿಮ್ಮ ಪ್ರಶ್ನೆ ಅಪ್ಪನಿಗೆ ಓದಿ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. 'ಲೆಕ್ಕ ಕೇಳಿದ್ದು ಸರೀನ ಐತಿ' ಎಂದರು. ಆಮೇಲೆ ಹೇಳಿದ್ದು ಹೀಗೆ.

ಎಂಜಿನ್‌ನ ಹೊರಮೈ ತಗಡು. ತುಕ್ಕು ಹೆಚ್ಚಾಗಿ ಶುರುವಾಗುವುದು ಹೊರಗಿನಿಂದಲ್ಲ, ಒಳಗಿನಿಂದ. ಬ್ಯಾಟರಿ ಪೆಟ್ಟಿಗೆಯ ತಳದಲ್ಲಿ ಆಸಿಡ್ ಚೆಲ್ಲಿದ ಜಾಗ, ನೆಲದ ಪ್ಲೇಟಿನ ಮೂಲೆಯಲ್ಲಿ ಎಣ್ಣೆ ಮತ್ತು ಧೂಳು ಸೇರಿ ಗಟ್ಟಿಯಾದ ಕೆಸರು, ಬಾಗಿಲ ಕೆಳಗಿನ ಮಡಿಕೆ. ಮಳೆನೀರು ಅಲ್ಲಿ ನಿಂತು ತಗಡನ್ನು ತಿನ್ನುತ್ತದೆ. ಹೊರಗೆ ಬಣ್ಣ ಉಬ್ಬಿದ ದಿನ ಒಳಗೆ ತಗಡು ಹೋಗಿಯಾಗಿರುತ್ತದೆ. ಅದರ ಮೇಲೆ ಮತ್ತೆ ಬಣ್ಣ ಬಳಿಯುತ್ತಾರೆ. ಎರಡು ವರ್ಷಕ್ಕೆ ಮತ್ತೆ ಬಣ್ಣ. ಆ ಖರ್ಚನ್ನೆಲ್ಲ ಕೂಡಿಸಿದರೆ ಒಂದು ಛಾವಣಿ ಆಗುತ್ತಿತ್ತು ಅಂತ ಅಪ್ಪನ ಮಾತು. ಅಂದರೆ ನೀವು ಕೇಳುವ ಹೊರಮೈ ಉಳಿಯಬೇಕಾದರೂ ಒಳಗೆ ಒಣಗಿರಲೇಬೇಕು.

ಓಡಿಸಲೇಬೇಕು ಅಂತ ನಾನು ಹಟ ಹಿಡಿದಿಲ್ಲ. ನನ್ನ ಆಸೆ ಚಿಕ್ಕದು. ಕೈಯಿಂದ ತಿರುಗಿಸಿದರೆ ತಿರುಗುವಂತಿರಲಿ. ಮುಂದೆ ಯಾರಾದರೂ ಮನಸ್ಸು ಮಾಡಿದರೆ ಓಡಿಸಲು ದಾರಿ ಇರುತ್ತದೆ. ಒಮ್ಮೆ ಜಾಮ್ ಆದರೆ ಆ ದಾರಿ ಮುಚ್ಚಿತು.

ಭೋಸರಿ ಬಸು

ತಿರುಗುವ ಮಾತು ಬಂದಿದ್ದಕ್ಕೆ ನನ್ನ ಅನುಭವ ಬರೆಯುತ್ತೇನೆ.

ಇಲ್ಲಿ ಒಂದು ಕಾರ್ಖಾನೆಯ ಗೇಟಿನ ಪಕ್ಕ ಹಳೆ ಶಂಟರ್ (ಡಬ್ಬಿಗಳನ್ನು ಆಚೀಚೆ ಸರಿಸುವ ಚಿಕ್ಕ ಎಂಜಿನ್) ಒಂದು ಪ್ರದರ್ಶನಕ್ಕೆ ನಿಂತಿದೆ. ಅಲ್ಕೋದ್ದೇ ಆರು ಸಿಲಿಂಡರಿನ ಎಂಜಿನ್. ಸಾಲಾಗಿ ಆರು ಇರುವುದರಿಂದ 16ಕ್ಕಿಂತ ಕೆಲಸ ಸುಲಭ. ಅಲ್ಲಿನ ಮ್ಯಾನೇಜರ್ ಹತ್ತಿರ ಅನುಮತಿ ತೆಗೆದುಕೊಂಡು ನಾವು ಐದು ಜನ ಭಾನುವಾರಗಳಲ್ಲಿ ಹೋಗುತ್ತಿದ್ದೆವು. ಮೂವರು ನಿವೃತ್ತ ಫಿಟ್ಟರ್‌ಗಳು, ನಾನು, ನನ್ನ ಅಳಿಯ.

ಮೊದಲ ಭಾನುವಾರ ಬರೀ ಕ್ಲೀನಿಂಗ್. ಕೆರೆಯುವ ಮುಂಚೆಯೇ ಹಿರಿಯರೊಬ್ಬರು ನಮ್ಮನ್ನು ತಡೆದರು. ಹೊಗೆ ಪೈಪಿಗೆ ಸುತ್ತಿದ ಹಳೆ ಹೊದಿಕೆ ಮುಟ್ಟಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ ಎಂದರು. ನೀರಿನ ಪೈಪಿನ ಸಂದಿಯಲ್ಲಿ ಹಳದಿ ಪುಡಿ ಕೂತಿತ್ತು. ಅದು ಕ್ರೋಮೇಟ್. ಹಿಂದೆ ತುಕ್ಕು ಹಿಡಿಯದಿರಲಿ ಅಂತ ಎಂಜಿನ್ ತಂಪು ಮಾಡುವ ನೀರಿಗೆ ಹಾಕುತ್ತಿದ್ದರು. ಅದು ವಿಷ, ಬರಿಗೈಯಿಂದ ಮುಟ್ಟಬಾರದು. ಈ ಎರಡೂ ವಿಷಯ ಉತ್ಸಾಹದ ಹುಡುಗರಿಗೆ ಹೇಳಲೇಬೇಕು. ಗ್ಲೌಸ್, ಮಾಸ್ಕ್ ಇಲ್ಲದೆ ಒಳಗೆ ಇಳಿಯಬೇಡಿ. ಆಸ್ಬೆಸ್ಟಾಸ್ ತೆಗೆಯುವುದು ಅದನ್ನು ಕಲಿತವರ ಕೆಲಸ, ನಮ್ಮದಲ್ಲ.

ಎರಡನೇ ಭಾನುವಾರ ಆರೂ ಸಿಲಿಂಡರಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದೆವು. ಬಾರ್ ಹಾಕಿ ನೋಡಿದೆವು, ಅಲುಗಲಿಲ್ಲ. ಇಬ್ಬರು ನೇತು ಬಿದ್ದರೂ ಅಲುಗಲಿಲ್ಲ. ನನ್ನ ಅಳಿಯ ಬಾರ್‌ಗೆ ಉದ್ದನೆ ಪೈಪ್ ಸಿಕ್ಕಿಸಲು ಹೋದ. ಹಿರಿಯರು ಕೈ ಹಿಡಿದರು. 'ಬಲ ಹಾಕಬೇಡ, ಎಣ್ಣೆಗೆ ಟೈಮ್ ಕೊಡು' ಎಂದರು. ಮುಚ್ಚಿಟ್ಟು ಬಂದೆವು. ಮೂರನೇ ವಾರವೂ ಅಷ್ಟೇ. ನಾಲ್ಕನೇ ಭಾನುವಾರ ಬಾರ್ ಒತ್ತಿದಾಗ ಒಳಗಿನಿಂದ 'ಟಕ್' ಅಂತ ಒಂದು ಸಣ್ಣ ಶಬ್ದ. ಕ್ರ್ಯಾಂಕ್ ಒಂದು ಇಂಚು ಸರಿಯಿತು. ನಾವು ಯಾರೂ ಮಾತಾಡಲಿಲ್ಲ. ಹಿರಿಯರು ಹಿಂದಕ್ಕೆ ಒಂದಿಂಚು, ಮುಂದಕ್ಕೆ ಎರಡಿಂಚು ಅಂತ ತೂಗುತ್ತಾ ಹೋದರು, ತೊಟ್ಟಿಲು ತೂಗಿದ ಹಾಗೆ. ಸಂಜೆ ಹೊತ್ತಿಗೆ ಪೂರ್ತಿ ಸುತ್ತು ತಿರುಗಿತು.

ಬಣ್ಣದ ಬಗ್ಗೆಯೂ ಒಂದು ಮಾತು. ಕ್ಯಾಬಿನ್ ಬಾಗಿಲ ಪಕ್ಕ ಅಂಗೈ ಅಗಲದ ಜಾಗದಲ್ಲಿ ವಾಟರ್ ಪೇಪರ್‌ನಿಂದ (ನೀರು ಹಚ್ಚಿ ಉಜ್ಜುವ ಮರಳುಕಾಗದ) ಮೆಲ್ಲಗೆ ಉಜ್ಜಿದೆವು. ಮರದ ಕಾಂಡ ಕೊಯ್ದಾಗ ಬಳೆ ಬಳೆ ಕಾಣುತ್ತದಲ್ಲ, ಹಾಗೆ ಬಣ್ಣಗಳು ಕಂಡವು. ಮೇಲೆ ಹಳದಿ, ಅದರ ಕೆಳಗೆ ನೀಲಿ, ಮತ್ತೆ ಹಸಿರು, ತಳದಲ್ಲಿ ರೆಡ್ ಆಕ್ಸೈಡ್. ಯಾವ ಬಣ್ಣ ಹಚ್ಚಬೇಕೆಂದು ನಾವು ಊಹಿಸಬೇಕಾಗಲಿಲ್ಲ, ಎಂಜಿನ್ ತಾನೇ ಹೇಳಿತು. ಆ ಜಾಗಕ್ಕೆ ಈಗಲೂ ಬಣ್ಣ ಹಚ್ಚಿಲ್ಲ. ಹಾಗೇ ಬಿಟ್ಟಿದ್ದೇವೆ. ಮ್ಯೂಸಿಯಂನವರು ಹಳೆ ಬಣ್ಣ ಪೂರ್ತಿ ಕೆರೆದು ಎಸೆಯುವ ಮುಂಚೆ ದಯವಿಟ್ಟು ಇದೊಂದು ಮಾಡಲಿ.

ಡೊಂಬಿವಲಿ ಶೆಟ್ಟಿ

ಬಸಣ್ಣ, ಆ 'ಟಕ್' ಶಬ್ದ ಓದಿ ಮೈ ಜುಮ್ಮೆಂದಿತು. ಕಲ್ಯಾಣ್ ಕಾಕಾ, ನಾನು ಕೇಳಿದ ಪ್ರಶ್ನೆ ವಾಪಸ್ ತೆಗೆದುಕೊಂಡೆ. ಸ್ಟಾರ್ಟ್ ಮಾಡುವುದು ಬೇಡ, ತಿರುಗಿಸಿದರೆ ಸಾಕು.

ವಾಸ್ಕೋ ಮೊಮ್ಮಗ

ಅಜ್ಜ ಹೇಳುತ್ತಿದ್ದಾರೆ, ನಾನು ಟೈಪ್ ಮಾಡುತ್ತಿದ್ದೇನೆ. ಅಜ್ಜ ಡ್ರೈವರ್ ಆಗಿದ್ದವರು. ಧಾರವಾಡದಿಂದ ಬಂದು ಗೋವಾದಲ್ಲೇ ಉಳಿದರು.

'ನಾನು ಮೊದಲು ಹತ್ತಿದ್ದು ಮೀಟರ್ ಗೇಜ್ ಡೀಸೆಲ್, ವೈಡಿಎಂ-4. 1400 ಎಚ್‌ಪಿ. ಆಮೇಲೆ ಬ್ರಾಡ್ ಗೇಜ್ ಬಂತು. ಕುಳೆಯಿಂದ ಕ್ಯಾಸಲ್‌ರಾಕ್‌ಗೆ ಘಾಟಿ ಹತ್ತಬೇಕು. 37 ಅಡಿ ಹೋದರೆ ಒಂದು ಅಡಿ ಏರು. ಮುಂದೆಯೂ ಎಂಜಿನ್, ಹಿಂದೆಯೂ ತಳ್ಳುವ ಬ್ಯಾಂಕರ್ ಎಂಜಿನ್. ದೂಧ್‌ಸಾಗರ್ ಹತ್ತಿರ ಮಳೆಗಾಲದಲ್ಲಿ ಹಳಿ ಜಾರುತ್ತದೆ. ಮರಳು ಬಿಟ್ಟುಕೊಂಡು ಎಂಟನೇ ನಾಚ್‌ನಲ್ಲಿ, ಅಂದರೆ ಪೂರ್ತಿ ಬಲದಲ್ಲಿ, ಹತ್ತಿಸುವಾಗ ಎಂಜಿನ್ ಕೂಗುವುದು ಎದೆಗೆ ತಾಗುತ್ತಿತ್ತು.

'ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಇಳಿಯುವಾಗ ಡೈನಮಿಕ್ ಬ್ರೇಕ್. ಗಾಲಿ ತಿರುಗಿಸುವ ಮೋಟರ್‌ಗಳೇ ಆಗ ಕರೆಂಟ್ ಹುಟ್ಟಿಸುತ್ತವೆ. ಆ ಕರೆಂಟ್ ಎಂಜಿನ್ ಮೇಲಿನ ಗ್ರಿಡ್‌ನಲ್ಲಿ, ಅಂದರೆ ಲೋಹದ ಪಟ್ಟಿಗಳಲ್ಲಿ, ಶಾಖವಾಗಿ ಗಾಳಿಗೆ ಹೋಗುತ್ತದೆ. ಗಾಡಿಯ ಭಾರ ತಾನೇ ತನ್ನನ್ನು ಹಿಡಿದುಕೊಳ್ಳುತ್ತದೆ. ತಪ್ಪಿದರೆ ಕ್ಯಾಚ್ ಸೈಡಿಂಗ್ (ಹಿಡಿತ ತಪ್ಪಿದ ಗಾಡಿಯನ್ನು ತಿರುಗಿಸಿ ನಿಲ್ಲಿಸುವ ಬೇರೆ ಹಳಿ) ಇದೆ, ಆದರೆ ಅಲ್ಲಿಗೆ ಹೋಗುವ ಪ್ರಸಂಗ ಯಾವ ಡ್ರೈವರ್‌ಗೂ ಬರಬಾರದು. ಮ್ಯೂಸಿಯಂನಲ್ಲಿ ಆ ಗ್ರಿಡ್ ಬಿಚ್ಚಿ ತೋರಿಸಲಿ. ಮಕ್ಕಳಿಗೆ ಹೇಳಿದರೆ ಒಂದೇ ಸಲಕ್ಕೆ ಅರ್ಥವಾಗುತ್ತದೆ.

'ಬ್ರೇಕಿನ ಪೈಪುಗಳ ಮೇಲೂ ಕಣ್ಣಿರಲಿ. ಹಳೆ ಎಂಜಿನ್‌ಗಳಿಗೆ ವ್ಯಾಕ್ಯೂಮ್ ಬ್ರೇಕ್ ಇತ್ತು. ಆಮೇಲೆ ಎರಡೂ ಹಾಕಿದರು, ಆಮೇಲೆ ಬರೀ ಏರ್ ಬ್ರೇಕ್. ಯಾವ ಕಾಲದ ರೂಪಕ್ಕೆ ಎಂಜಿನ್ ವಾಪಸ್ ತರುತ್ತೀರೋ ಆ ಕಾಲದ ಬ್ರೇಕ್ ಇರಲಿ. 1970ರ ಬಣ್ಣ ಹಚ್ಚಿ 2000ದ ಪೈಪ್ ಬಿಡಬೇಡಿ.

'ಸ್ಟಾರ್ಟ್ ಮಾಡುವುದು ಹೇಳುತ್ತೇನೆ, ಬರೆದುಕೋ. ಮೊದಲು ಸುತ್ತ ಒಂದು ಪ್ರದಕ್ಷಿಣೆ. ಎಣ್ಣೆಯ ಕಡ್ಡಿ ಎತ್ತಿ ನೋಡು, ನೀರಿನ ಗೇಜ್ ನೋಡು. ಬ್ಯಾಟರಿ ನೈಫ್ ಸ್ವಿಚ್ ಹಾಕು. ಬ್ರೇಕರ್‌ಗಳನ್ನು ಏರಿಸು. ಫ್ಯೂಯೆಲ್ ಪಂಪ್ ಗುಂಯ್ ಅನ್ನುತ್ತದೆ. ಅವಸರ ಮಾಡಬೇಡ, ಒತ್ತಡ ಏರಲಿ. ಆಮೇಲೆ ಬಟನ್ ಒತ್ತು. ಎಂಜಿನ್ ಹಿಡಿದ ಕೂಡಲೇ ಕೈ ತೆಗೆಯಬೇಡ. ಎಣ್ಣೆ ಒತ್ತಡ ಬರುವವರೆಗೆ ಒತ್ತಿಯೇ ಇಟ್ಟಿರು, ಇಲ್ಲದಿದ್ದರೆ ನಿಂತುಬಿಡುತ್ತದೆ. ನಿಮಿಷಕ್ಕೆ 400 ಸುತ್ತಿಗೆ ಬಂದು ಒಂದೇ ಲಯದಲ್ಲಿ ಉಸಿರಾಡಲು ಶುರು ಮಾಡಿದ ಮೇಲೆ ಕೈ ತೆಗೆ.'

ಇದು ಹೇಳುವಾಗ ಅಜ್ಜನ ಹೆಬ್ಬೆರಳು ಕುರ್ಚಿಯ ಕೈಯನ್ನು ಒತ್ತಿಕೊಂಡೇ ಇತ್ತು. 400 ಎಂದ ಮೇಲೆ ತೆಗೆದರು.

ನನ್ನದೊಂದು ಮಾತು ಸೇರಿಸುತ್ತೇನೆ. ನಮ್ಮ ಊರು ಬಂದರಿನ ಪಕ್ಕ. ಸಮುದ್ರದ ಗಾಳಿಯಲ್ಲಿ ಉಪ್ಪು ಇರುತ್ತದೆ. ಮನೆಯ ಗೇಟೇ ವರ್ಷಕ್ಕೆ ತುಕ್ಕು ಹಿಡಿಯುತ್ತದೆ. ಮುಂಬೈ, ಗೋವಾದಲ್ಲಿ ಎಂಜಿನ್ ಇಡುವವರು ಸಿಹಿನೀರಿನಿಂದ ಆಗಾಗ ಹೊರಮೈ ತೊಳೆದು ಒರೆಸಲೇಬೇಕು.

ಮಾಟುಂಗಾ ಹುಡುಗ

ಅಜ್ಜನ ಮಾತನ್ನು ದಯವಿಟ್ಟು ವಿಡಿಯೊ ಮಾಡಿ ಇಡಿ. ಕೈಯನ್ನೂ ಸೇರಿಸಿ. ಮ್ಯಾನ್ಯುಯಲ್‌ನಲ್ಲಿ ಬಟನ್ ಒತ್ತು ಅಂತ ಇರುತ್ತದೆ, ಎಷ್ಟು ಹೊತ್ತು, ಯಾವ ಶಬ್ದ ಬರುವವರೆಗೆ ಅಂತ ಇರುವುದಿಲ್ಲ. ಫಿಟ್ಟರ್, ಡ್ರೈವರ್, ಎಲೆಕ್ಟ್ರಿಷಿಯನ್ ಮೂವರನ್ನೂ ಒಂದು ಎಂಜಿನ್ ಪಕ್ಕ ಕೂರಿಸಿ ಕನ್ನಡದಲ್ಲೇ ಮಾತಾಡಿಸಿದರೆ ಅದೇ ಒಂದು ಪುಸ್ತಕ. ಕ್ಯಾಮೆರಾ ನನ್ನ ಹತ್ತಿರ ಇದೆ. ಪುಣೆ, ಕಲ್ಯಾಣ್, ವಾಸ್ಕೋ ಎಲ್ಲಿಗೆ ಕರೆದರೂ ಬರುತ್ತೇನೆ. ಪರೀಕ್ಷೆ ಮುಗಿಯುವುದು ಈ ತಿಂಗಳ ಕೊನೆಗೆ.

ಪನ್ವೇಲ್ ಲೆಕ್ಕದವನು

ಎಲ್ಲರ ಮಾತು ಓದಿದೆ. ಬಣ್ಣಕ್ಕಿಂತ ಛಾವಣಿ ಅಗ್ಗ ಅನ್ನುವುದು ಒಪ್ಪಿದೆ. ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಹತ್ತು ಕಡೆ ಹತ್ತು ಎಂಜಿನ್ ಮಳೆಯಲ್ಲಿ ನಿಲ್ಲಿಸುವುದಕ್ಕಿಂತ ಒಂದೇ ಕಡೆ ಒಂದನ್ನು ಸರಿಯಾಗಿ ಇಡಿ, ಉಳಿದವುಗಳಿಂದ ಬಿಡಿಭಾಗ ತೆಗೆದಿಡಿ. ತಂಗೀ, ಪತ್ರದ ಜೊತೆ ಖರ್ಚಿನ ಅಂದಾಜು ಕೊಟ್ಟರೆ ಅಧಿಕಾರಿಗಳು ಓದುತ್ತಾರೆ. ಅಂದಾಜುಪಟ್ಟಿ ನಾನು ಮಾಡಿಕೊಡುತ್ತೇನೆ. ಛಾವಣಿಯ ಅಳತೆ ಕಳಿಸಿ.

ಘೋರ್ಪಡಿ ಮಗಳು, ಪುಣೆ

ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ.

ಪತ್ರ ಕೊಟ್ಟೆವು. ಅಪ್ಪನೇ ಬಂದು ಮಾತಾಡಿದರು. ಅಲ್ಲಿನ ಅಧಿಕಾರಿ ಕೂರಿಸಿ ಚಹಾ ಕೊಟ್ಟು ಪೂರ್ತಿ ಕೇಳಿಸಿಕೊಂಡರು. ಛಾವಣಿಗೆ ಮೇಲಿನವರ ಒಪ್ಪಿಗೆ ಬೇಕು, ಅಂದಾಜುಪಟ್ಟಿ ತನ್ನಿ ಎಂದರು. ಆದ್ದರಿಂದ ಪನ್ವೇಲ್ ಅಣ್ಣನಿಗೆ ಅಳತೆ ಇವತ್ತೇ ಕಳಿಸುತ್ತೇನೆ. ಕೆಳಗಿನ ಕೆಟ್ಟ ಎಣ್ಣೆ ತೆಗೆಯಲು, ಬಾರಿಂಗ್ ಮಾಡಿ ನೋಡಲು ಒಪ್ಪಿದ್ದಾರೆ, ಅವರ ಕಡೆಯ ಒಬ್ಬರು ಜೊತೆಗಿರಬೇಕು ಅಷ್ಟೇ. ಕಲ್ಯಾಣ್ ಕಾಕಾ, ಮೆಗ್ಗರ್ ಇಡಲು ನೀವು ಬರಲೇಬೇಕು. ಬಸಣ್ಣ, ನಿಮ್ಮ ಆ ಮೂವರು ಹಿರಿಯರನ್ನೂ ಕರೆತನ್ನಿ. ಮಾಟುಂಗಾ ತಮ್ಮ, ನಿನ್ನ ಪರೀಕ್ಷೆ ಮುಗಿದ ಮೇಲಿನ ಭಾನುವಾರವೇ ಇಟ್ಟುಕೊಳ್ಳೋಣ.

ಮುಚ್ಚಳಕ್ಕೆ ಮಾತ್ರ ಯಾರ ಒಪ್ಪಿಗೆಯೂ ಬೇಡ, ನಾಳೆಯೇ ಹಾಕಿ ಎಂದರು. ಅಪ್ಪ ಏಣಿ ಹತ್ತಲು ಹೊರಟರು, ನಾನು ಬಿಡಲಿಲ್ಲ. ಅಲ್ಲಿನ ಹುಡುಗನೊಬ್ಬ ಹತ್ತಿದ. ಟೇಪ್ ತಂದಿರಲಿಲ್ಲ. ಅಪ್ಪ ಕೆಳಗೆ ನಿಂತು ನನ್ನ ಚೀಲದ ದಾರ ಬಿಚ್ಚಿಸಿ ಮೇಲೆ ಎಸೆದರು. ಚಿಮಣಿಯ ಬಾಯಿ ಸುತ್ತ ದಾರ ಹಿಡಿಸಿ, ಸೇರುವ ಜಾಗಕ್ಕೆ ಗಂಟು ಹಾಕಿಸಿದರು. ಆ ದಾರ ಈಗ ನಮ್ಮ ಮನೆಯ ದೇವರ ಗೂಡಿನ ಮೊಳೆಗೆ ನೇತಾಡುತ್ತಿದೆ.

ಡೊಂಬಿವಲಿ ಶೆಟ್ರೇ, ಹೋಟೆಲ್ ಅಡುಗೆಮನೆಯ ಚಿಮಣಿಗೆ ತಗಡಿನ ಟೊಪ್ಪಿಗೆ ಮಾಡಿಕೊಡುವವರು ನಿಮಗೆ ಗೊತ್ತಿರಬೇಕಲ್ವಾ? ಸುತ್ತಳತೆಯ ದಾರ ಕಳಿಸುತ್ತೇನೆ. ಅಂಚು ಎರಡು ಬೆರಳು ಕೆಳಗೆ ಇಳಿದಿರಲಿ, ಎತ್ತಿ ತೆಗೆಯಲು ಮೇಲೊಂದು ಹಿಡಿ ಇರಲಿ ಅಂತ ಅಪ್ಪ ಹೇಳಿದ್ದಾರೆ. ಮಳೆ ಶುರುವಾಗುವ ಮುಂಚೆ ಸಿಗಬೇಕು.

ಡೊಂಬಿವಲಿ ಶೆಟ್ಟಿ

ದಾರ ನಾಳೆಯೇ ಕೊರಿಯರ್ ಮಾಡಿ ಅಕ್ಕ. ನಮ್ಮ ಚಿಮಣಿ ಮಾಡಿಕೊಟ್ಟವರ ವರ್ಕ್‌ಶಾಪ್ ಸ್ಟೇಷನ್ ಹತ್ತಿರವೇ ಇದೆ. ಶನಿವಾರ ನಾನೇ ನಿಂತು ಮಾಡಿಸುತ್ತೇನೆ.